ಹಿತ್ತಲ ಫರಸಿಯ ಮೇಲೆ ಮೂರು ಚೌಕ

ಆಕೆ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ನಾಲ್ಕು ದಿನ ತಡವಾಗಿ. ಜೇವರ್ಗಿಯ ಬಜಾರಿನಲ್ಲಿ ಮೆಂತ್ಯೆ ಸಿವುಡು ಆರಿಸುತ್ತ ನಿಂತಿದ್ದೆ. ಪಲ್ಯ ಮಾರುವ ಹೆಂಗಸು ತಕ್ಕಡಿ ಕೆಳಗಿಟ್ಟು, "ನಿಮ್ಮ ಮನ್ಯಾಗ ಭಾಂಡೆ ತಿಕ್ಕಾಕಿ ತೀರಿಕೊಂಡ್ಳಲ್ರಿ ಅಕ್ಕಾರ, ಹೋಗಿ ಬಂದ್ರೇನು?" ಎಂದು ಕೇಳಿದಳು. ಎದೆನೋವು ಬಂದಿತ್ತಂತೆ, ಎರಡೇ ದಿನವಂತೆ. ಸೊಪ್ಪನ್ನು ಅಲ್ಲೇ ಬಿಟ್ಟು ಬಂದೆ.

ನಿಮ್ಮ ಮನೆಯಲ್ಲಿ ಎಂದಿದ್ದಳು. ಆಕೆ ನಮ್ಮ ಮನೆಗೆ ಬರುವುದು ನಿಂತು ಒಂದೂವರೆ ವರ್ಷವಾಗಿತ್ತು. ನಿಲ್ಲಿಸಿದವಳು ನಾನು.

ನಾನು ಇಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತೆ. ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿದವಳು. ಬರೆಯುವುದೆಂದರೆ ನನಗೆ ರವಾನೆ ಪುಸ್ತಕ, ಟಿಪ್ಪಣಿ, ಇಷ್ಟೇ ಗೊತ್ತು. ಆದರೂ ಆ ದಿನದಿಂದ ಕೈ ಸುಮ್ಮನಿರುತ್ತಿಲ್ಲ. ಯಾರ ಮುಂದೆಯೂ ಹೇಳಲಾಗದ್ದನ್ನು ಕಾಗದದ ಮುಂದೆ ಹೇಳುತ್ತಿದ್ದೇನೆ.

ಹನ್ನೊಂದು ವರ್ಷ ಆಕೆ ನಮ್ಮ ಹಿತ್ತಲಿಗೆ ಬಂದಳು. ಬೆಳಿಗ್ಗೆ ಆರೂವರೆಗೆ ಹಿಂದಿನ ಬಾಗಿಲ ಚಿಲಕ ಎರಡು ಸಲ ಸಪ್ಪಳಾದರೆ ಆಕೆ ಬಂದಳೆಂದು ತಿಳಿಯಬೇಕು. ಗಿಡ್ಡ ಹೆಂಗಸು, ಎಡ ಭುಜ ಸ್ವಲ್ಪ ಇಳಿದಿತ್ತು. ನಳದ ಹತ್ತಿರ ದೊಡ್ಡದೊಂದು ಫರಸಿ ಕಲ್ಲು ಹಾಸಿದ್ದೆವು. ಅದರ ಪಕ್ಕದಲ್ಲಿ ಒಂದು ಕಾಲು ಮುರಿದ ಪ್ಲಾಸ್ಟಿಕ್ ಸ್ಟೂಲು. ಮುರಿದ ಕಾಲಿನ ಕೆಳಗೆ ಇಟ್ಟಿಗೆ ಚೂರು ಕೊಟ್ಟು ಕೂಡುತ್ತಿದ್ದಳು. ಬಳೆಗಳನ್ನು ಮೊಣಕೈವರೆಗೆ ಏರಿಸಿ, ಸೆರಗು ಬಿಗಿದು, ಎಲ್ಲ ಮುಸುರೆ ಭಾಂಡೆಗಳನ್ನು ಮೊದಲು ಫರಸಿಯ ಮೇಲೆ ಹರಡುತ್ತಿದ್ದಳು. ಹರಡಿ, ಕೈ ಹಚ್ಚದೆ, ಒಂದು ನಿಮಿಷ ನೋಡುತ್ತ ಕೂಡುತ್ತಿದ್ದಳು.

ಬಂದ ಹೊಸದರಲ್ಲಿ ಕೇಳಿದ್ದೆ, "ಏನ್ ನೋಡ್ತಿ ಬೇ?"

"ಪೇಪರ್ ಓದಾಕತ್ತೇನ್ರಿ ಅಕ್ಕಾರ."

ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಆ ಪೇಪರನ್ನು ನಿಜವಾಗಿಯೂ ಓದುತ್ತಿದ್ದಳು. "ಸಾಹುಕಾರ್ರು ನಿನ್ನಿ ಹೊರಗ ತಿಂದ ಬಂದಾರ, ಅವರ ತಾಟಿಗಿ ಸಾರು ಮುಟ್ಟಿಲ್ಲ. ಸಣ್ಣವ್ವ ಹಾಲು ಚೆಲ್ಯಾಳ, ಗ್ಲಾಸಿನ್ಯಾಗ ಕೆನಿ ಇಲ್ಲ. ದೊಡ್ಡಮ್ಮಾರು ಕದ್ದು ಜಾಮೂನ ತಿಂದಾರ ನೋಡ್ರಿ, ವಾಟಿ ತಳದಾಗ ಪಾಕ ಅದ. ಶುಗರ್ ಏರಿದ್ರ ಆಮ್ಯಾಲ ನನ್ನ ಕೇಳಬ್ಯಾಡ್ರಿ."

ಸಾಹುಕಾರ್ರು ಎಂದರೆ ನನ್ನ ಗಂಡ, ಸಣ್ಣವ್ವ ನನ್ನ ಮಗಳು, ದೊಡ್ಡಮ್ಮ ನನ್ನ ಅತ್ತೆ. ಒಳಗಿನಿಂದಲೇ ಕೂಗುತ್ತಿದ್ದರು, "ಆಕಿ ಬಾಯಿಗಿ ಒಂದು ಬೀಗ ಹಾಕ!"

"ಬೀಗ ಹಾಕ್ರಿ, ಕೀಲಿ ನನ್ನ ಕೈಯಾಗ ಕೊಡ್ರಿ," ಎಂದು ಇವಳು ಹೊರಗಿನಿಂದ.

ನಮ್ಮ ಮನೆಯವರಿಗೆ ಉಂಡ ತಾಟಿನಲ್ಲೇ ಕೈ ತೊಳೆಯುವ ಚಟ. ಎಷ್ಟು ಹೇಳಿದರೂ ಬಿಡುತ್ತಿರಲಿಲ್ಲ. ಒಂದು ಮುಂಜಾನೆ ನೀರು ತುಂಬಿದ ಅವರ ತಾಟನ್ನು ಹಾಗೇ ಎರಡೂ ಕೈಯಲ್ಲಿ ಹಿಡಿದು ಹಿಂಬಾಗಿಲ ಹತ್ತಿರ ಬಂದು ನಿಂತಳು. "ಸಾಹುಕಾರ್ರ, ಕೆರಿ ತುಂಬ್ಯಾದ. ನಾಕು ಮೀನು ಬಿಡಸ್ಲ್ಯಾ?" ಅವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಅಂದಿನಿಂದ ಎದ್ದು ಹೋಗಿ ಕೈ ತೊಳೆಯತೊಡಗಿದರು. ಹದಿನಾರು ವರ್ಷದ ಸಂಸಾರದಲ್ಲಿ ನನ್ನಿಂದ ಆಗದ್ದು.

ನನ್ನ ತವರು ಆಳಂದ ಕಡೆಯ ನಿಂಬರ್ಗಾ. ಅಪ್ಪ ತೀರಿಕೊಂಡ ಫೋನು ಬಂದದ್ದು ಒಂದು ಸಂಜೆ. ಅವತ್ತು ಯಾರೂ ಉಣ್ಣಲಿಲ್ಲ. ಬೆಳಗಿನ ಬಸ್ಸಿಗೆ ನಾವು ಹೊರಡಬೇಕಿತ್ತು. ಎಂದಿನಂತೆ ಬಂದವಳು ಭಾಂಡೆ ಹರಡಿದಳು. ಅನ್ನದ ಪಾತೇಲಿ ತುಂಬಿದ್ದು ತುಂಬಿದಂತೇ ಇತ್ತು, ತಾಟುಗಳೆಲ್ಲ ಒಣಗಿದ್ದವು. ನಾನು ಹೊಸ್ತಿಲ ಮೇಲೆ ಕುಳಿತು ಅಳುತ್ತಿದ್ದೆ. ತಾಟು ತೊಳೆದವೇ ಇವೆ ಎಂದು ಆಕೆಗೆ ಗೊತ್ತಿತ್ತು. ಆದರೂ ಒಂದೊಂದಾಗಿ ತಿಕ್ಕಿದಳು, ಬೋರಲು ಹಾಕಿದಳು, ಮತ್ತೆ ಎತ್ತಿಕೊಂಡು ತಿಕ್ಕಿದಳು. ನಾವು ಬಸ್ಸಿಗೆ ಹೊರಡುವತನಕ ಆಕೆಗೆ ಅಲ್ಲಿ ಕೂಡಲು ಒಂದು ಕೆಲಸ ಬೇಕಿತ್ತು, ಅಷ್ಟೇ. ಹೋಗುವಾಗ, "ಊರಾಗ ಕಾಲಿಗಿ ಚಪ್ಪಲಿ ಹಾಕ್ಕೋರಿ, ಇಂಥಾ ದಿನ ನೆಲ ಕಾಣಂಗಿಲ್ಲ," ಎಂದಳು. ಅಂದು ನನಗೆ ನೆನಪಿರುವ ಮಾತು ಅದೊಂದೇ.

ಇಷ್ಟೆಲ್ಲ ಆದರೂ ಆಕೆ ನಮ್ಮ ಹಿಂಬಾಗಿಲ ಹೊಸ್ತಿಲು ದಾಟಿ ಒಳಗೆ ಬಂದವಳಲ್ಲ. ಯಾರೂ ಬರಬೇಡ ಎಂದು ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ. ಆಕೆ ಯಾವ ಓಣಿಯವಳೆಂದು ನಮಗೆ ಗೊತ್ತಿತ್ತು. ನಮಗೆ ಗೊತ್ತಿದೆ ಎಂದು ಆಕೆಗೆ ಗೊತ್ತಿತ್ತು. ನನಗಿಂತ ಎಂಟು ವರ್ಷ ಹಿರಿಯಳು. ನಾನು "ಬಾ ಬೇ, ಹೋಗ ಬೇ" ಎನ್ನುತ್ತಿದ್ದೆ, ಆಕೆ "ಬರ್ರಿ ಅಕ್ಕಾರ" ಎನ್ನುತ್ತಿದ್ದಳು. ನನ್ನ ಮಗಳು ಎರಡನೇ ಇಯತ್ತೆಯಲ್ಲಿದ್ದಾಗಲೇ ಆಕೆಯನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ತಿದ್ದಲಿಲ್ಲ. ಇದನ್ನು ಬರೆಯಲು ಕೂತಾಗ ಮೊದಲು "ಅವರು" ಎಂದು ಬರೆದು ನೋಡಿದೆ. ಎರಡು ಸಾಲಿಗೆ ಹೊಡೆದು ಹಾಕಿದೆ. ಬದುಕಿದ್ದಾಗ ಕೊಡದೇ ಇದ್ದುದನ್ನು ಕಾಗದದ ಮೇಲೆ ಕೊಟ್ಟರೆ ಅದು ನನಗೇ ನಾಟಕದಂತೆ ಕಾಣುತ್ತದೆ.

ಇನ್ನೂ ಒಂದು ರೂಢಿ ಇತ್ತು. ಆಕೆ ತೊಳೆದ ಭಾಂಡೆಗಳನ್ನು ಫರಸಿಯ ಮೇಲೆ ಸಾಲಾಗಿ ಬೋರಲು ಹಾಕಿ ಹೋಗುತ್ತಿದ್ದಳು. ಆಕೆ ಓಣಿಯ ತಿರುವು ದಾಟಿದ ಮೇಲೆ ನಾನು ಒಂದು ಚರಿಗೆ ನೀರು ತಂದು ಅವುಗಳ ಮೇಲೆ ಸುರಿದು, ಆಮೇಲೆ ಒಳಗೆ ತರುತ್ತಿದ್ದೆ. ಮೊದಲು ಅತ್ತೆ ಮಾಡುತ್ತಿದ್ದರು. ಅವರಿಗೆ ಮೊಣಕಾಲು ನೋವು ಬಂದ ಮೇಲೆ ನಾನು. ನಿಂಬರ್ಗಾದಲ್ಲಿ ನನ್ನ ಅವ್ವನೂ ಹೀಗೇ ಮಾಡುತ್ತಿದ್ದಳು. ಸೋಪು ಉಳಿದಿರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆಕೆಯ ಕೈಯ ಕೆಲಸದಲ್ಲಿ ಸೋಪು ಉಳಿಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತೊಳೆದ ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ಸಪ್ಪಳ ಕೇಳಿ ಬೋರಲು ಹಾಕುವವಳು ಆಕೆ.

ಕೊನೆಯ ವರ್ಷದ ಚಳಿಗಾಲದಲ್ಲಿ ಆಕೆಯ ಕೈ ಕೆಟ್ಟವು. ಬೆರಳ ಸಂದುಗಳು ಬಿರಿದು, ಸೋಪಿನ ನೀರು ತಾಗಿದರೆ ಹಲ್ಲು ಕಚ್ಚುತ್ತಿದ್ದಳು. ದವಾಖಾನೆಯಲ್ಲಿ ಸೋಪು ನೀರು ಬಿಡು ಎಂದರಂತೆ. "ಬಿಟ್ಟು ಏನ್ ಮಾಡ್ಲಿ, ಡಾಕ್ಟರ್ ಆಗ್ಲ್ಯಾ ಅಂದೆ," ಎಂದು ನಗುತ್ತ ಹೇಳಿದಳು. ರಬ್ಬರಿನ ಕೈಗವಸು ತಂದುಕೊಟ್ಟೆ. ಎರಡು ದಿನ ಹಾಕಿಕೊಂಡು ತೆಗೆದಿಟ್ಟಳು. ಭಾಂಡೆಯ ಜಿಡ್ಡು ಹೋಯಿತೋ ಇಲ್ಲವೋ ಬೆರಳಿಗೆ ತಿಳಿಯುವುದಿಲ್ಲವಂತೆ. ವಾರಕ್ಕೆ ಎರಡು ದಿನ, ಮೂರು ದಿನ ಬರುವುದು ತಪ್ಪತೊಡಗಿತು. ನಾನು ಕಚೇರಿಗೆ ಹೋಗುವ ಮೊದಲು ಭಾಂಡೆ ತಿಕ್ಕಬೇಕಾಯಿತು. ಎರಡೇ ವಾರಕ್ಕೆ ನನಗೆ ಸಾಕಾಯಿತು. ಆಗ ನಮ್ಮ ಮನೆಯವರು ಡಿಶ್‌ವಾಷರ್ ತರೋಣ ಎಂದರು.

ಕಲಬುರಗಿಯ ಅಂಗಡಿಯೊಂದರಿಂದ ಮೂರು ಮಾದರಿಯ ಚಿತ್ರದ ಹಾಳೆ ತಂದರು. ಕಟ್ಟೆಯ ಮೇಲೆ ಇಡುವ ಎಂಟು ಜನರ ಸಣ್ಣದು, ನೆಲದ ಮೇಲೆ ನಿಲ್ಲಿಸುವ ಹನ್ನೆರಡು ಜನರದ್ದು, ಹದಿನಾಲ್ಕು ಜನರದ್ದು. ನಾನು ರಜೆಯ ದಿನ ಮಗಳ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ ನೀರು ಎಷ್ಟು, ಕರೆಂಟು ಎಷ್ಟು, ಸಪ್ಪಳ ಎಷ್ಟು, ಹೊತ್ತು ಎಷ್ಟು ಎಂದು ಬರೆಯುತ್ತ ಹೊಸ್ತಿಲ ಮೇಲೆ ಕುಳಿತಿದ್ದೆ. ಅಂದು ಆಕೆ ಬಂದಿದ್ದಳು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಏನ್ರಿ ಅದು, ಕಪಾಟೇನು?"

"ಭಾಂಡೆ ತಿಕ್ಕೋ ಮಷಿನ್."

ಹಾಳೆಯನ್ನು ದೂರದಿಂದಲೇ ಬಗ್ಗಿ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. "ನನ್ನ ಕೈ ಸಲುವಾಗಿ ತರಾಕತ್ತೀರೇನ್ರಿ?"

ನಾನು ಹೂಂ ಎಂದೆ.

ಆ ಕ್ಷಣಕ್ಕೆ ಅದು ಪೂರಾ ಸುಳ್ಳೂ ಆಗಿರಲಿಲ್ಲ. ಆಕೆ ಮಷಿನ್ನಿಗೆ ಭಾಂಡೆ ಜೋಡಿಸಿದರೆ ಸಾಕು, ಕೈ ನೀರಿನಲ್ಲಿ ಇಡುವುದು ತಪ್ಪುತ್ತದೆ ಎಂದು ನಾನೂ ಒಂದು ಗಳಿಗೆ ಅಂದುಕೊಂಡೆ. ಆ ಒಂದು ಗಳಿಗೆಯನ್ನೇ ಹಿಡಿದುಕೊಂಡು ನಾನು ಎಷ್ಟೋ ದಿನ ನನ್ನನ್ನು ಸಮಾಧಾನ ಮಾಡಿಕೊಂಡಿದ್ದೇನೆ.

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು, ಸ್ಟೂಲನ್ನು ಹೊಸ್ತಿಲ ಹತ್ತಿರಕ್ಕೆ ಎಳೆದುಕೊಂಡಳು. "ಹಂಗಾದ್ರ ಬರೋಬ್ಬರಿ ನೋಡಿ ತಗೋಬೇಕ್ರಿ. ಓದ್ರಿ, ಏನೇನ್ ಬರದಾರ."

ಓದಿದೆ. ಎಂಟು ಜನರದ್ದು ಎಂದೆ.

"ಯಾವ ಜನರ್ರಿ? ನಮ್ಮ ಕಡಿ ಮಂದೀನೋ, ಈ ಫೋಟೋದಾಗಿನ ಮಂದೀನೋ? ಇವರ ತಾಟಿನ್ಯಾಗ ಎರಡ ಗಜ್ಜರಿ ಅದಾವ. ಇಂಥಾ ತಾಟು ನಾ ಉಗುಳು ಹಚ್ಚಿ ಒರಸ್ತೇನಿ."

ನಗು ತಡೆಯಲಾಗಲಿಲ್ಲ. ಮಷಿನ್ನಿನ ಒಳಮೈ ಒಂದರಲ್ಲಿ ಪೂರಾ ಸ್ಟೀಲು, ಇನ್ನೊಂದರಲ್ಲಿ ತಳ ಮಾತ್ರ ಪ್ಲಾಸ್ಟಿಕ್ ಎಂದು ಓದಿದೆ. "ಪ್ಲಾಸ್ಟಿಕ್ ಬ್ಯಾಡ್ರಿ, ಅರಿಷಿಣ ಹಿಡೀತದ. ಆಮ್ಯಾಲ ನೀವು ಮಷಿನ್ ತಿಕ್ಕಾಕ ಇನ್ನೊಂದು ಮಷಿನ್ ತರಬೇಕು." ಗಡಸು ನೀರಿಗೆ ಉಪ್ಪು ಹಾಕಬೇಕೆಂಬ ಸಾಲು ಬಂದಾಗ ತಡೆದು ಕೇಳಿದಳು, "ನಮ್ಮ ನೀರು ಅವರಿಗಿ ತೋರಿಸೀರೇನು? ಬೋರಿನ ನೀರು. ಕೊಡದ ತಳದಾಗ ಸುಣ್ಣ ಕುಂದಿರ್ತದ. ಒಂದ ಬಾಟ್ಲಿ ತುಂಬಿಕೊಂಡು ಹೋಗ್ರಿ."

ಆಮೇಲೆ ಆಕೆ ಮಾಡಿದ್ದು ಯಾವ ಅಂಗಡಿಯವನಿಗೂ ಹೊಳೆಯದ ಕೆಲಸ. ಹಿತ್ತಲ ನೀರೊಲೆಯ ಬೂದಿಯಿಂದ ಒಂದು ಇದ್ದಲಿ ಚೂರು ಆರಿಸಿಕೊಂಡಳು. ಮಷಿನ್ನಿನೊಳಗಿನ ಜಾಲರಿಯ ಅಳತೆ ಹೇಳಿ ಎಂದಳು. ಮಗಳ ಸ್ಕೇಲು ಇಟ್ಟು ನಾನು ಹೇಳುತ್ತ ಹೋದೆ, ಆಕೆ ಫರಸಿಯ ಮೇಲೆ ಗೆರೆ ಎಳೆಯುತ್ತ ಹೋದಳು. ಮೂರು ಮಾದರಿಗೆ ಮೂರು ಚೌಕ. ನಂತರ ಹಿಂದಿನ ದಿನದ ನಮ್ಮ ಎಲ್ಲ ಭಾಂಡೆಗಳನ್ನು ತಂದು, ಚಿತ್ರದಲ್ಲಿದ್ದ ಹಾಗೆ ತಾಟುಗಳನ್ನು ನಿಲ್ಲಿಸಿ, ವಾಟಿಗಳನ್ನು ಓರೆಯಾಗಿ ಹಾಕಿ, ಒಂದೊಂದು ಚೌಕದಲ್ಲೂ ತುಂಬಿ ನೋಡಿದಳು. ಸಣ್ಣ ಚೌಕದಲ್ಲಿ ಪಾತೇಲಿ ಇಡುತ್ತಲೇ ಎರಡು ತಾಟು ಹೊರಗೆ ಬಿದ್ದವು. "ಇದು ಗಂಡ ಹೆಂಡತಿ ಮುನಿಸ್ಕೊಂಡು ಉಪಾಸ ಇದ್ದ ದಿನಕ್ಕ ಚಲೋ," ಎಂದು ಅದನ್ನು ಕಾಲಿನಿಂದ ಒರೆಸಿಬಿಟ್ಟಳು.

ಉಳಿದ ಎರಡು ಚೌಕಗಳ ಸುತ್ತ ಒಂದು ಸುತ್ತು ಹಾಕಿ ಬಂದಳು. "ಅಕ್ಕಾರ, ಇವೆರಡೂ ಒಂದ ಅಳತಿ ಅದಾವಲ್ರಿ. ಹೆಚ್ಚಿಗಿ ಇಬ್ಬರು ಎಲ್ಲಿ ಕುಂದಿರ್ತಾರ?"

ನೋಟ್‌ಬುಕ್ಕು ನೋಡಿದೆ. ಅರ್ಧ ಗಂಟೆ ಕಾಲಂ ಬರೆದ ನನಗೆ ಅದು ಕಂಡಿರಲಿಲ್ಲ. ಹದಿನಾಲ್ಕರದ್ದಕ್ಕೆ ಮೇಲೆ ಚಮಚೆ ಇಡುವ ಒಂದು ತೆಳು ತಟ್ಟೆ ಹೆಚ್ಚಿಗೆ, ಅಷ್ಟೇ.

"ಚಮಚೆಗಿ ಒಂದು ಅಟ್ಟ ಕಟ್ಯಾರ! ನಡುವಿಂದೇ ತಗೋರಿ," ಎಂದಳು. ಆಮೇಲೆ ಹಂಚು, ಹಿಟ್ಟು ನಾದುವ ಪರಾತ, ಹಾಲಿನ ಬೋಗುಣಿಗಳನ್ನು ಚೌಕದಿಂದ ತೆಗೆದು ತನ್ನ ಸ್ಟೂಲಿನ ಪಕ್ಕಕ್ಕೆ ಇಟ್ಟುಕೊಂಡಳು. "ಇವು ನನ್ನವು. ಹಂಚು ಅದರಾಗ ಹಾಕಿದ್ರ ರೊಟ್ಟಿ ಏಳಂಗಿಲ್ಲ. ಉಳಿದದ್ದು ಅದು ತಿಕ್ಕಲಿ."

ಹೀಗೆ ತನಗೂ ಮಷಿನ್ನಿಗೂ ಕೆಲಸ ಹಂಚಿದಳು. ನಾನು ಅದನ್ನೂ ಬರೆದುಕೊಂಡೆ.

ಹಾಳೆಯಲ್ಲಿ ಇನ್ನೊಂದು ಗುಣ ಉಳಿದಿತ್ತು. ತೊಳೆದಾದ ಮೇಲೆ ಬೇಕೆಂದರೆ ಮತ್ತೊಂದು ಸಲ ಬರೀ ನೀರಿನಲ್ಲಿ ತೊಳೆಯುವ ಗುಂಡಿ. ಓದಿ ಹೇಳಿದೆ. ಆಕೆ ಗೆರೆ ಒರೆಸುತ್ತಿದ್ದಳು, ತಲೆ ಎತ್ತಲಿಲ್ಲ.

"ಚಲೋ ಆತು ಬಿಡ್ರಿ. ದಿನಾ ನಾ ಹೋದ ಮ್ಯಾಲ ನೀವು ಚರಿಗಿ ಹಿಡ್ಕೊಂಡು ಬರೋದು ಉಳೀತು."

ದನಿಯಲ್ಲಿ ಸಿಟ್ಟಿರಲಿಲ್ಲ. ಎಷ್ಟು ವರ್ಷದಿಂದ ಗೊತ್ತಿತ್ತೋ. ಒಂದಾದರೂ ದಿನ ಏನೋ ಮರೆತು ಹಿಂದಕ್ಕೆ ಬಂದಿರಬೇಕು, ನನ್ನನ್ನು ನೋಡಿರಬೇಕು, ಸಪ್ಪಳಿಲ್ಲದೆ ಹೋಗಿರಬೇಕು. ಏನಾದರೂ ಹೇಳಬೇಕಿತ್ತು. ನಾನು ಮುಂದಿನ ಸಾಲು ಓದಿದೆ. ಬಿಸಿ ಗಾಳಿಯಲ್ಲಿ ಒಣಗಿಸುವುದರ ಬಗ್ಗೆ.

ಕೆಲಸ ಮುಗಿಸಿ ಎದ್ದವಳು ಕೇಳಿದಳು, "ಎಲ್ಲಿ ಇಡ್ತೀರ್ರಿ ಅದನ್ನ? ಹಿತ್ತಲದಾಗೋ, ಅಡಿಗಿ ಮನ್ಯಾಗೋ?"

"ನೋಡಬೇಕು," ಎಂದೆ.

ಕಲಬುರಗಿಗೆ ನೀರಿನ ಬಾಟಲಿ ಒಯ್ದೆವು. ಅಂಗಡಿಯ ಹುಡುಗಿ ಅದರಲ್ಲಿ ಒಂದು ಕಾಗದದ ಪಟ್ಟಿ ಅದ್ದಿ ನೋಡಿ, ಭಾರಿ ಗಡಸು ನೀರು, ಉಪ್ಪು ಹಾಕುವ ಖಾನೆ ಇರುವುದನ್ನೇ ಕೊಳ್ಳಿ ಎಂದಳು. ನಾನು ಒಳಮೈ ಸ್ಟೀಲು ಕೇಳಿದೆ, ಹನ್ನೆರಡಕ್ಕೂ ಹದಿನಾಲ್ಕಕ್ಕೂ ಏನು ಫರಕು ಎಂದು ಕೇಳಿದೆ. ಹುಡುಗಿ ನಮ್ಮ ಮನೆಯವರ ಕಡೆ ತಿರುಗಿ, "ಮೇಡಂ ಎಲ್ಲ ತಿಳಕೊಂಡೇ ಬಂದಾರಲ್ರಿ," ಎಂದಳು. ಅವರು ಹೆಮ್ಮೆಯಿಂದ, "ಮನ್ಯಾಗ ಗೆರಿ ಹೊಡದು ಅಳತಿ ಮಾಡ್ಯಾಳ್ರಿ," ಎಂದರು. ನಾನು ಮಾಡಿದ್ದಲ್ಲ ಎಂದು ಹೇಳಲಿಲ್ಲ. ಆ ಹೊಗಳಿಕೆಯನ್ನೂ ಇಟ್ಟುಕೊಂಡೆ.

ಮಷಿನ್ ಬಿಸಿಲಿಗೆ, ಮಳೆಗೆ ಇಡುವಂಥದ್ದಲ್ಲ, ಅಡುಗೆಮನೆಯ ನಳಕ್ಕೇ ಜೋಡಿಸಬೇಕು ಎಂದು ಅಂಗಡಿಯಲ್ಲಿ ಸ್ಪಷ್ಟವಾಗಿ ಹೇಳಿದರು. ಮನೆಗೆ ಬಂದು ಅತ್ತೆಗೆ ಹೇಳಿದೆವು. ಅವರು ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ಕಣ್ಣು ತೆಗೆಯಲಿಲ್ಲ.

"ಅಡಿಗಿ ಮನ್ಯಾಗ ಇಟ್ಟರ ಅದಕ್ಕ ಭಾಂಡೆ ಹಾಕೋರು ಯಾರು?"

ಆಕೆ ಹಾಕುತ್ತಾಳೆ ಎಂದು ನಾನು ಹೇಳಬಹುದಿತ್ತು. ದುಡಿಯುವವಳು ನಾನು, ಕೊಳ್ಳುತ್ತಿದ್ದವಳು ನಾನು. ಅತ್ತೆ ಅಷ್ಟು ಜಗಳಗಂಟಿಯೂ ಅಲ್ಲ. ನಾಲ್ಕು ದಿನ ಮುಖ ಬಿಗಿದುಕೊಂಡಿರುತ್ತಿದ್ದರು, ಐದನೇ ದಿನ ಹೊಂದಿಕೊಳ್ಳುತ್ತಿದ್ದರು. ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು, "ಮಷಿನ್ ಬಂದ ಮ್ಯಾಲ ಮತ್ತ ಆಕಿ ಯಾಕ? ನಾವೇ ಹಾಕ್ಕೊಂಡ್ರಾತು," ಎಂದು ಬಹಳ ಸರಳವಾಗಿ ಹೇಳಿದರು. ಅಷ್ಟರಲ್ಲಿ ಮಾತು ಮುಗಿಯಿತು. ಯಾರೂ ಜಾತಿಯ ಹೆಸರು ಎತ್ತಲಿಲ್ಲ. ನಮ್ಮ ಮನೆಯಲ್ಲಿ ಎತ್ತುವುದಿಲ್ಲ.

ಮಷಿನ್ ಬರಲು ಹತ್ತು ಹನ್ನೆರಡು ದಿನ ಹಿಡಿಯಿತು. ಆ ದಿನಗಳಲ್ಲಿ ಆಕೆ ಒಂದು ದಿನವೂ ತಪ್ಪಿಸಲಿಲ್ಲ. ಬಿರಿದ ಕೈಯಲ್ಲೇ ಬಂದಳು. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ನಾನು ಒಳಗೇ ಇರುತ್ತಿದ್ದೆ. ಅಷ್ಟರಲ್ಲಿ ಆಕೆ ಓಣಿಗೆಲ್ಲ ಹೇಳಿಯಾಗಿತ್ತು. ಹಿಟ್ಟಿನ ಗಿರಣಿಯಲ್ಲಿ ಒಬ್ಬಳು ನನ್ನನ್ನು ನಿಲ್ಲಿಸಿ, "ಆಕಿ ಕೈ ನೋಡಿ ಮಷಿನ್ ತರಾಕತ್ತೀರಂತ. ಈಗಿನ ಕಾಲದಾಗ ಯಾರ್ ಮಾಡ್ತಾರ್ರಿ ಅಕ್ಕಾ?" ಎಂದಳು. ನಾನು ನಕ್ಕೆ. ಹಿಟ್ಟಿನ ಡಬ್ಬಿ ಎತ್ತಿಕೊಂಡು ಬಂದೆ.

ಮಷಿನ್ ಕೂಡಿಸಿದ ಮರುದಿನ ಬೆಳಿಗ್ಗೆ ಚಿಲಕ ಸಪ್ಪಳಾಯಿತು. ತೆರೆದೆ. ಕೆಲಸಕ್ಕೆ ಉಡುವ ಸೀರೆ ಇರಲಿಲ್ಲ. ಒಗೆದು ಮಡಿಸಿಟ್ಟ ನೀಲಿ ಸೀರೆ ಉಟ್ಟಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ನಳದ ಹತ್ತಿರ ಹೋಗಿ ಕಾಲು ತೊಳೆದುಕೊಂಡಳು, ಹಿಮ್ಮಡಿ ಸಹಿತ ತಿಕ್ಕಿ ತೊಳೆದುಕೊಂಡಳು. ನಂತರ ಹೊಸ್ತಿಲ ಹತ್ತಿರ ಬಂದು ನಿಂತು ನನ್ನ ಭುಜದ ಮೇಲಿಂದ ಒಳಗೆ ನೋಡಿದಳು.

"ಅಡಿಗಿ ಮನ್ಯಾಗ ಇಟ್ಟೀರೇನ್ರಿ?"

"ಹೂಂ."

ನಾನು ಬಾಗಿಲಲ್ಲೇ ನಿಂತಿದ್ದೆ. ಒಂದು ಹೆಜ್ಜೆ ಸರಿದಿದ್ದರೆ ಸಾಕಿತ್ತು. ಬಾಗಿಲು ಅಗಲವಾಗಿಯೇ ಇತ್ತು.

"ಇನ್ನ ಮ್ಯಾಲ ನಾವೇ ಹಾಕ್ಕೋತೀವಿ ಬೇ," ಎಂದೆ. "ನಿನ್ನ ಕೈಗೂ ಆರಾಮ ಆಗ್ತದ."

ಆಕೆ ತನ್ನ ಒದ್ದೆ ಕಾಲು ನೋಡಿಕೊಂಡಳು. "ಹೌದ್ರಿ," ಎಂದಳು. ಆಮೇಲೆ ನಿನ್ನೆಯ ಹಂಚು, ಪರಾತ, ಹಾಲಿನ ಬೋಗುಣಿ ಕೊಡಿ ಎಂದು ಕೇಳಿದಳು. ಕೊಟ್ಟೆ. ಸೀರೆ ಎತ್ತಿ ಕಟ್ಟಿ, ಸ್ಟೂಲಿನ ಮೇಲೆ ಕುಳಿತು, ಮೂರನ್ನೂ ತಿಕ್ಕಿ, ಬಡಿದು ಸಪ್ಪಳ ಕೇಳಿ, ಬೋರಲು ಹಾಕಿದಳು. ಎದ್ದು ಹೋಗುವಾಗ ತಿರುಗಿ, "ಉಪ್ಪು ಹಾಕೋದು ಮರೀಬ್ಯಾಡ್ರಿ ಅಕ್ಕಾರ. ನಮ್ಮ ನೀರು ಕೆಟ್ಟದು," ಎಂದಳು.

ಆ ದಿನ ಆ ಮೂರು ಭಾಂಡೆಗಳ ಮೇಲೆ ನಾನು ನೀರು ಸುರಿಯಲಿಲ್ಲ. ಹಾಗೇ ಒಳಗೆ ತಂದೆ. ಅದರಿಂದ ಯಾರಿಗೆ ಏನಾಯಿತು?

ಆಮೇಲೆ ಆಕೆಯನ್ನು ಎರಡು ಸಲ ಕಂಡೆ. ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ; ನೆಲೋಗಿಯ ಬಸ್ಸಿಗೆ ನಿಂತಿದ್ದಳು, ಅದು ಆಕೆಯ ತವರು. ಕೈ ಹೆಂಗದ ಎಂದೆ. ಎರಡೂ ಅಂಗೈ ಮುಂದೆ ಹಿಡಿದು ತೋರಿಸಿದಳು. ಬಿರುಕು ಮಾಯ್ದಿದ್ದವು. "ನೋಡ್ರಿ, ತಹಶೀಲ್ದಾರ್ ಹೆಂಡ್ತಿ ಕೈ ಆಗ್ಯಾವ." ಇನ್ನೊಂದು ಸಲ ಬಜಾರಿನಲ್ಲಿ. ಆ ಸಲ ನಾನೇ ಬಳೆ ಅಂಗಡಿಯ ಕಡೆ ತಿರುಗಿ ನಿಂತೆ. ಆಕೆ ಹಿಂದಿನಿಂದ ದಾಟಿ ಹೋದದ್ದು ನನಗೆ ಗೊತ್ತಾಯಿತು. ನಾನು ತಿರುಗಿ ನಿಂತದ್ದು ಆಕೆಗೂ ಗೊತ್ತಾಗಿರುತ್ತದೆ.

ಪಲ್ಯದವಳು ಹೇಳಿದ ಮರುದಿನ ಕಚೇರಿಗೆ ರಜೆ ಹಾಕಿ ಆಕೆಯ ಮನೆಗೆ ಹೋದೆ. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಹೋಗಿರಲಿಲ್ಲ. ಎರಡು ಕಡೆ ಕೇಳಿಕೊಂಡು ಹೋಗಬೇಕಾಯಿತು. ಎರಡು ಖೋಲಿಯ ಮನೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಹೂವು ಹಾಕಿದ ಆಕೆಯ ಫೋಟೊ. ಹೆಂಗಸರು ಬಿಳಿ ಸೀರೆಯಲ್ಲಿ ಕುಳಿತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತೆ. ಒಳಗೆ ಬರ್ರಿ ಎಂದು ಆಕೆಯ ಸೊಸೆ ಬಂದು ಕೈ ಹಿಡಿದು ಕರೆದೊಯ್ದಳು, ಚಾಪೆಯ ಮೇಲೆ ನಡುವೆಯೇ ಕೂರಿಸಿದಳು.

ಅಫಜಲಪುರ ಕಡೆಯಿಂದ ಬಂದ ಆಕೆಯ ಅಕ್ಕ ಎದುರಿಗಿದ್ದಳು. ತಂಗಿಯ ಹಾಗೇ ಗಿಡ್ಡ ಹೆಂಗಸು. "ಯಾರವ್ವಾ ಇವರು?" ಎಂದು ಸೊಸೆಯನ್ನು ಕೇಳಿದಳು.

"ಮಷಿನ್ ತಂದ ಅಕ್ಕಾರು."

ಮುದುಕಿ ಮುಂದೆ ಸರಿದು ನನ್ನ ಎರಡೂ ಕೈ ಹಿಡಿದುಕೊಂಡಳು. "ನೀವೇನ್ರಿ! ನನ್ನ ತಂಗಿ ಕೈ ನೋಡಲಾರದ ಮಷಿನ್ ತಂದೋರು! ಫೋನಿನ್ಯಾಗ ಎಷ್ಟ ಹೇಳ್ತಿದ್ಳು. ಅಡಿಗಿ ಮನ್ಯಾಗ ಇಟ್ಟು, ಬಾ, ನೀನೇ ನಡಸು ಅಂದ್ರಂತ. ಈಕಿ, ಬ್ಯಾಡ್ರಿ ಅಕ್ಕಾರ, ನನಗ ಅಕ್ಷರ ಬರಂಗಿಲ್ಲ, ಗುಂಡಿ ತಪ್ಪಿ ಒತ್ತಿದ್ರ ಕೆಡ್ತದ ಅಂತ ತಾನೇ ಬಿಟ್ಟು ಬಂದ್ಳಂತ. ನೀವು ಎಷ್ಟ ಕರದ್ರೂ ಬರಲಿಲ್ಲಂತ. ಹುಚ್ಚಿ."

ಕುಳಿತವರೆಲ್ಲ ನನ್ನ ಕಡೆ ನೋಡಿದರು. ಮುದುಕಿ ಅಳುತ್ತಲೇ ನನ್ನ ಕೈ ಸವರುತ್ತಿದ್ದಳು. ನೀರು ಬೇಕು ಎಂದು ಎದ್ದೆ. ಸೊಸೆ ಹಿಂದಿನ ಖೋಲಿಗೆ ಕರೆದೊಯ್ದು ಚರಿಗೆ ಕೊಟ್ಟಳು. ಸೊಸೆಯ ಕೈ ಹಿಡಿದು ಹೇಳಿದೆ, "ಇಲ್ಲವ್ವಾ, ಆಕಿ ಬಿಟ್ಟಿಲ್ಲ. ನಾನೇ ಬ್ಯಾಡ ಅಂದೆ. ಒಳಗ ಕರೀಲೇ ಇಲ್ಲ. ಹೊರಗ ಹೋಗಿ ಅವರಿಗೂ ಹೇಳ್ತೇನಿ."

ಸೊಸೆ ಖೋಲಿಯ ಬಾಗಿಲನ್ನು ಅರ್ಧ ಮುಂದೆ ಮಾಡಿದಳು. ಮೂವತ್ತು ತುಂಬಿರದ ಹುಡುಗಿ. ಅತ್ತು ಕಣ್ಣು ಊದಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

"ಗೊತ್ತದ್ರಿ ಅಕ್ಕಾರ. ಆ ದಿನ ನೀಲಿ ಸೀರಿ ಉಟ್ಕೊಂಡು ಹೋಗಿ, ಅರ್ಧ ತಾಸಿನ್ಯಾಗ ಹೊಳ್ಳಿ ಬಂದ್ಳು. ನನ್ನ ಮುಂದ ಎಲ್ಲಾ ಹೇಳ್ಯಾಳ. ನನಗ ಒಬ್ಬಾಕಿಗೇ ಹೇಳ್ಯಾಳ."

"ಹಂಗಾದ್ರ ನಾನು..."

"ಓಣಿ ಮುಂದ, ಬೀಗರ ಮುಂದ, ತನ್ನ ಅಕ್ಕನ ಮುಂದ ಹಿಂಗ ಹೇಳಿ ಸತ್ತಾಳ. ಒಳಗ ಬಾ ಅಂತ ಕರದ್ರು ಅಂದಾಳ. ನೀವು ಈಗ ಹೊರಗ ಹೋಗಿ ಖರೇ ಹೇಳಿದ್ರ ನಿಮ್ಮ ಎದಿ ಹಗುರ ಆಗ್ತದ. ಆಕಿ ಸುಳ್ಳಾಕಿ ಆಗ್ತಾಳ." ಚರಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಹೇಳಬ್ಯಾಡ್ರಿ."

ಹೊರಗೆ ಬಂದು ಮತ್ತೆ ಚಾಪೆಯ ಮೇಲೆ ಕುಳಿತೆ. ಅಷ್ಟರಲ್ಲಿ ಇನ್ನಿಬ್ಬರು ಹೆಂಗಸರು ಬಂದಿದ್ದರು. ಮುದುಕಿ ಅವರಿಗೆ ನನ್ನನ್ನು ತೋರಿಸಿ, ನಾನು ಕರೆದದ್ದು, ತಂಗಿ ಒಲ್ಲೆ ಎಂದದ್ದು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅವರು ಕುಳಿತಲ್ಲಿಂದಲೇ ನನಗೆ ಕೈ ಮುಗಿದರು. ನಾನೂ ಮುಗಿದೆ. ಹೌದೇನ್ರಿ ಎಂದು ಅವರಲ್ಲೊಬ್ಬಳು ಕೇಳಿದ್ದಕ್ಕೆ, ಹೌದ್ರಿ, ಎಷ್ಟು ಕರೆದರೂ ಬರಲಿಲ್ಲ ಎಂದೆ. ಸೊಸೆ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು.

ಆ ಸುಳ್ಳನ್ನು ಇನ್ನು ನಾನು ಕಾಯಬೇಕು. ಈ ಬರಹದಲ್ಲಿ ಆಕೆಯ ಹೆಸರು ಹಾಕಿಲ್ಲ, ನನ್ನದನ್ನೂ ಹಾಕುವುದಿಲ್ಲ. ಊರುಗಳ ಹೆಸರನ್ನೂ ಬದಲಿಸಿದ್ದೇನೆ. ಆ ಓಣಿಯವರು ಯಾರಾದರೂ ಓದಿದರೆ ಇದು ಬೇರೆ ಯಾವುದೋ ಮನೆಯ, ಬೇರೆ ಯಾರೋ ಹೆಂಗಸಿನ ಮಾತು ಎಂದುಕೊಳ್ಳಲಿ.